ಸಾಂಬಾರಿಗೂ ಪ್ಲಾಸ್ಟಿಕ್ ಚೀಲವೇ?
ನಿನ್ನೆಯೂ ಅದೇ ಆಯಿತು. ಸ್ಟೀಲ್ ಡಬ್ಬಿ ಹಿಡಿದು ನಿಂತಿದ್ದರೂ ಹೋಟೆಲಿನವರು ಕುದಿಯುವ ಸಾಂಬಾರನ್ನು ತೆಳ್ಳನೆಯ ಪ್ಲಾಸ್ಟಿಕ್ ಚೀಲಕ್ಕೆ ಸುರಿದು, ದಾರ ಸುತ್ತಿ ಕೈಗಿಟ್ಟರು. ಕೇಳಿದರೆ, ‘ಎಲ್ಲರಿಗೂ ಹೀಗೇ ಕೊಡುವುದು ಸರ್.’ ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧವಾದದ್ದು 2016ರಲ್ಲಿ! ಚಟ್ನಿಗೊಂದು, ಪಲ್ಯಕ್ಕೊಂದು, ಎಲ್ಲವನ್ನೂ ತುಂಬಲು ಮತ್ತೊಂದು. ಹತ್ತು ನಿಮಿಷದ ಊಟಕ್ಕೆ ನಾಲ್ಕು ಚೀಲ.

ಎಣ್ಣೆ ಮೆತ್ತಿದ ಇವನ್ನು ಗುಜರಿಯವರೂ ಮುಟ್ಟುವುದಿಲ್ಲ. ಬೆಂಗಳೂರಿನಲ್ಲಿ ಜೋರು ಮಳೆ ಬಂದರೆ ರಾಜಕಾಲುವೆ, ಅಲ್ಲಿಂದ ವೃಷಭಾವತಿ, ಅರ್ಕಾವತಿ, ಕೊನೆಗೆ ಸಂಗಮದಲ್ಲಿ ಕಾವೇರಿ. ದಾರಿಯುದ್ದಕ್ಕೂ ಚೂರಾಗುತ್ತದೆಯೇ ಹೊರತು ಕರಗುವುದಿಲ್ಲ. ಕೆಳಗೆ ಮೆಟ್ಟೂರಿನ ನೀರನ್ನು ನಂಬಿ ಬದುಕುವವರು ನಮಗೇನು ಅನ್ಯಾಯ ಮಾಡಿದ್ದರು?

ನನ್ನ ಡಬ್ಬಿ ಖಾಲಿಯಾಗಿಯೇ ಮನೆಗೆ ಬಂತು. ಹೊಟ್ಟೆ ಉರಿಯುತ್ತದೆ.