ಬೆಂಗಳೂರು ಗಡಗಡ, ಫ್ಯಾನು ಗರಗರ

ಜನವರಿಯ ಒಂದು ರಾತ್ರಿ 15 ಡಿಗ್ರಿಗೆ ಇಳಿದರೆ ಸಾಕು, ನಮ್ಮ ಚಾನೆಲ್‌ಗಳಿಗೆ ಹಬ್ಬ. ‘ಸಿಲಿಕಾನ್ ಸಿಟಿ ಗಡಗಡ’, ‘ಬೆಂಗಳೂರಾಯ್ತು ಕಾಶ್ಮೀರ’. ಪರದೆಯ ಮೂಲೆಯಲ್ಲಿ ಹಿಮ ಬೇರೆ ಉದುರುತ್ತಿರುತ್ತದೆ. ವರದಿಗಾರ ಕಬ್ಬನ್ ಪಾರ್ಕಿನಲ್ಲಿ ಮಂಕಿ ಕ್ಯಾಪ್ ಹಾಕಿದ ಹಿರಿಯರೊಬ್ಬರನ್ನು ಹಿಡಿದು ‘ಸರ್, ಹೇಗಿದೆ ಚಳಿ?’ ಅಂತ ಮೈಕ್ ಒಡ್ಡುತ್ತಾನೆ. ‘ತಡೆಯೋಕಾಗಲ್ಲಪ್ಪ’ ಅನ್ನುತ್ತಾರೆ ಅವರು, ಹಣೆಯ ಬೆವರು ಒರೆಸಿಕೊಂಡು. ಜನವರಿಯಲ್ಲಿ ಬೆಂಗಳೂರಿನ ರಾತ್ರಿಯ ಸರಾಸರಿಯೇ 16ರ ಆಸುಪಾಸು. ಅಂದರೆ ಬಂದದ್ದು ಮಾಮೂಲಿ ಚಳಿ. ಅದು ಬಂದದ್ದೇ ಬ್ರೇಕಿಂಗ್ ನ್ಯೂಸ್.

1884ರ ಜನವರಿ 13ರಂದು ಇದೇ ಊರಿನಲ್ಲಿ 7.8 ಡಿಗ್ರಿ ದಾಖಲಾಗಿತ್ತು. ಆ ದಾಖಲೆ ಇವತ್ತಿಗೂ ಅಲ್ಲಾಡಿಲ್ಲ. ಪಾಪ, ಅವತ್ತಿನ ಜನಕ್ಕೆ ತಾವು ಗಡಗಡ ನಡುಗುತ್ತಿದ್ದೇವೆ ಅಂತ ಹೇಳುವವರೇ ಇರಲಿಲ್ಲ. ಸುಮ್ನೆ ಕಂಬಳಿ ಹೊದ್ದು ಮಲಗಿದರು.

ಹವಾಮಾನ ಇಲಾಖೆಯ ಲೆಕ್ಕದಲ್ಲಿ ಜನವರಿ, ಫೆಬ್ರುವರಿ ಎರಡೂ ಚಳಿಗಾಲ. ಇಲಾಖೆಯನ್ನು ಮೆಚ್ಚಲೇಬೇಕು. 2025ರ ಫೆಬ್ರುವರಿಯನ್ನು ನೆನಪು ಮಾಡಿಕೊಳ್ಳಿ. 1901ರಿಂದ ಈಚೆಗೆ ದೇಶ ಕಂಡ ಅತಿ ಬೆಚ್ಚನೆಯ ಫೆಬ್ರುವರಿ ಅದು. ಬೆಂಗಳೂರು ದೆಹಲಿಗಿಂತ ಬಿಸಿ ಅಂತ ಪತ್ರಿಕೆಗಳೆಲ್ಲ ಬರೆದವು. ಚಳಿ ಶಿವರಾತ್ರಿಗೆ ‘ಶಿವ ಶಿವಾ’ ಅಂತ ಓಡಿಹೋಗುತ್ತದೆ ಅನ್ನುತ್ತಿದ್ದರಲ್ಲ ನಮ್ಮ ಹಿರಿಯರು? ಆ ವರ್ಷ ಶಿವರಾತ್ರಿ ಬಿದ್ದದ್ದು ಫೆಬ್ರುವರಿ 26ಕ್ಕೆ. ಅದೇ ವಾರ ಕರಾವಳಿಗೆ ಬಿಸಿಗಾಳಿಯ ಎಚ್ಚರಿಕೆ! ಚಳಿಗಾಲದೊಳಗೇ ಬಿಸಿಗಾಳಿ, ಅದೂ ಸರ್ಕಾರಿ ಮೊಹರಿನೊಂದಿಗೆ. ಆ ಸಲ ಶಿವ ಶಿವಾ ಅಂದದ್ದು ಮಂಗಳೂರಿನ ಜನ.

‘ವಾಡಿಕೆಗಿಂತ ಅರ್ಧ ಡಿಗ್ರಿ ಜಾಸ್ತಿ’ ಅಂತ ಸುದ್ದಿಯಲ್ಲಿ ಓದುತ್ತೀರಲ್ಲ, ಆ ವಾಡಿಕೆ ಎಲ್ಲಿಂದ ಬರುತ್ತದೆ ಗೊತ್ತಾ? ಮೂವತ್ತು ವರ್ಷದ ಸರಾಸರಿಯಿಂದ. ಮೊದಲು 1981ರಿಂದ 2010ರವರೆಗಿನ ಲೆಕ್ಕ ಇತ್ತು, ಈಗ 1991ರಿಂದ 2020. ಹಳೆಯ ತಂಪು ವರ್ಷಗಳು ಆಚೆ, ಹೊಸ ಬಿಸಿ ವರ್ಷಗಳು ಒಳಗೆ. ಮೋಸವೇನೂ ಅಲ್ಲ, ಪ್ರಪಂಚದಲ್ಲೆಲ್ಲ ಹೀಗೇ ಮಾಡುತ್ತಾರೆ. ಆದರೂ ಮಗುವಿಗೆ ಜ್ವರ ಇಳಿಯದಿದ್ದಾಗ ಥರ್ಮಾಮೀಟರಿನ ಗೆರೆಯನ್ನೇ ಮೇಲಕ್ಕೆ ಜರುಗಿಸಿದ ಹಾಗೆ ನನಗಂತೂ ಕಾಣುತ್ತದೆ. ಹೀಗೆ ಜರುಗಿಸಿಯೂ 2024ನೇ ಇಸವಿ ದೇಶದಲ್ಲಿ 0.65 ಡಿಗ್ರಿ ಜಾಸ್ತಿಯಾಗಿ ಹೊಸ ದಾಖಲೆ ಬರೆಯಿತು. ಇನ್ನು ಹತ್ತು ವರ್ಷ ಬಿಟ್ಟರೆ ಅದೂ ವಾಡಿಕೆಯೊಳಗೆ ಸೇರಿಕೊಳ್ಳುತ್ತದೆ. ಆಗ ನಾವೆಲ್ಲ ಎಸಿ ಹಾಕಿಕೊಂಡು ‘ಈ ಸಲ ಚಳಿ ಮಾಮೂಲಿನಂತೇ ಇತ್ತು’ ಅನ್ನಬಹುದು.

ಹಾಳಾಗಲಿ, ಅವರೆಕಾಯಿ ವಿಷಯಕ್ಕೆ ಬರೋಣ. ನನಗೆ ಹವಾಮಾನಕ್ಕಿಂತ ಅದರ ಚಿಂತೆಯೇ ದೊಡ್ಡದು. ಇಬ್ಬನಿ ಕುಡಿಯದ ಕಾಯಿಗೆ ಸೊಗಡು ಇರುವುದಿಲ್ಲ ಅಂತ ನಮ್ಮ ಮನೆಯ ಹೆಂಗಸರ ಅಚಲ ನಂಬಿಕೆ. ಕಾಯಿ ಬಿಡಿಸಿದ ಕೈಗೆ ಜಿಡ್ಡು ಹತ್ತಬೇಕು, ಸೋಪು ಹಾಕಿ ಉಜ್ಜಿದರೂ ವಾಸನೆ ಹೋಗಬಾರದು. ಈಗಿನ ಕಾಯಿ ಬಿಡಿಸಿದರೆ ಕೈ ತೊಳೆಯುವ ಅಗತ್ಯವೇ ಬೀಳುವುದಿಲ್ಲ. ಹಿತಕಿದಬೇಳೆ ಸಾರಿಗೆ ತೆಂಗಿನಕಾಯಿ ಜಾಸ್ತಿ ಹಾಕಿ ಮಾನ ಉಳಿಸಿಕೊಳ್ಳುತ್ತಿದ್ದಾರೆ. ಅವರೆ ಮೇಳದಲ್ಲಿ ಅದರ ಜಿಲೇಬಿ ಮಾಡಲು ಶುರು ಮಾಡಿದ್ದು ಇದಕ್ಕೇ ಇರಬೇಕು. ಸೊಗಡು ಇಲ್ಲದಿದ್ದರೆ ಸಕ್ಕರೆಯಾದರೂ ಇರಲಿ, ಅಲ್ವಾ? ಮಾವಿನ ಮರದ ಕಥೆಯೂ ಇದೇ. ಸರಿಯಾಗಿ ಹೂ ಬಿಡಲು ಅದಕ್ಕೆ ತಂಪು ರಾತ್ರಿಗಳು ಬೇಕು. ರಾತ್ರಿ ಬೆಚ್ಚಗಿದ್ದರೆ ಹೂವಿನ ಬದಲು ಚಿಗುರು ಬರುತ್ತದೆ. ಮರಕ್ಕೆ ಟಿವಿ ನೋಡುವ ಅಭ್ಯಾಸ ಇಲ್ಲ, ‘ಬೆಂಗಳೂರು ಗಡಗಡ’ ಅಂತ ಅದಕ್ಕೆ ಯಾರು ಹೇಳಬೇಕು?

ವಿಜಯಪುರ, ಬೀದರ್ ಕಡೆಯವರು ಇದನ್ನು ಓದಿ ನಗಬಹುದು. ಅಲ್ಲಿ ಈಗಲೂ ಕೆಲವು ರಾತ್ರಿ ಒಂದಂಕಿಗೆ ಇಳಿಯುತ್ತದೆ. ಅವರ ನಡುಕ ನಿಜವಾದದ್ದು. ಅದಕ್ಕೇ ಅದು ಬ್ರೇಕಿಂಗ್ ನ್ಯೂಸ್ ಆಗುವುದು ಕಮ್ಮಿ.

ಬೆಂಗಳೂರಿನ ರಾತ್ರಿ ಬಿಸಿಯಾಗಿದ್ದರಲ್ಲಿ ಗುಟ್ಟೇನೂ ಇಲ್ಲ. ಹಗಲೆಲ್ಲ ಬಿಸಿಲು ಕುಡಿದ ಕಾಂಕ್ರೀಟು ರಾತ್ರಿಯಿಡೀ ಅದನ್ನು ಕಕ್ಕುತ್ತದೆ. ಇಡೀ ಭೂಮಿ ಬಿಸಿಯಾಗುತ್ತಿದೆ ಅನ್ನುವುದು ನಿಜ. ಆದರೆ ಕೆರೆ ಮುಚ್ಚಿ ಲೇಔಟ್ ಮಾಡು ಅಂತ ಭೂಮಿ ಹೇಳಿರಲಿಲ್ಲ. ರಸ್ತೆ ಅಗಲ ಮಾಡಲು ಮರ ಕಡಿದವರು ಅಂಟಾರ್ಕ್ಟಿಕಾದಿಂದ ಬಂದವರಲ್ಲ. ಇಷ್ಟಾದರೂ ಫ್ಲ್ಯಾಟ್ ಜಾಹೀರಾತಿನಲ್ಲಿ ಇದು ಇನ್ನೂ ‘ಹವಾನಿಯಂತ್ರಿತ ನಗರ’. ಆ ಫ್ಲ್ಯಾಟ್ ಕಟ್ಟಲು ರಾಯಚೂರಿನಿಂದ, ಕಲಬುರಗಿಯಿಂದ ಬಂದವರು ಪಕ್ಕದಲ್ಲೇ ತಗಡಿನ ಶೆಡ್ಡಿನಲ್ಲಿ ಮಕ್ಕಳನ್ನು ಮಲಗಿಸಿಕೊಂಡಿದ್ದಾರೆ. ಇದನ್ನು ಬರೆದೂ ಬರೆದೂ ಸಾಕಾಗಿದೆ ನನಗೆ. ತಮಾಷೆಯೂ ಬರುತ್ತಿಲ್ಲ.

ಫೆಬ್ರುವರಿ ಬಂದರೆ ಸಲಹೆಗಳು ಶುರು. ಹನ್ನೆರಡರಿಂದ ಮೂರರವರೆಗೆ ಬಿಸಿಲಿಗೆ ಹೋಗಬೇಡಿ. ಗಾರೆ ಕೆಲಸದವರು ಮೇಸ್ತ್ರಿಗೆ ಈ ಚೀಟಿ ತೋರಿಸಿ ರಜೆ ಕೇಳಬಹುದು ಅಂತ ಕಾಣುತ್ತದೆ. ಇನ್ನೊಂದು, ನೀರು ಜಾಸ್ತಿ ಕುಡಿಯಿರಿ. ನಗರದ 13,900 ಕೊಳವೆಬಾವಿಗಳಲ್ಲಿ 6,900 ಒಣಗಿವೆ ಅಂತ 2024ರಲ್ಲಿ ಹೇಳಿದ್ದು ಉಪಮುಖ್ಯಮಂತ್ರಿಗಳೇ. ಕುಡಿಯುತ್ತೇವೆ ಸ್ವಾಮಿ, ಬೇಡ ಅಂದವರು ಯಾರು? ಸಲಹೆಯ ಕೆಳಗೆ ಒಂದು ಟ್ಯಾಂಕರ್ ನಂಬರ್ ಆದರೂ ಹಾಕಿ.