ಆರು ಸುತ್ತಿನ ಕೋಟೆ

ಚಿತ್ರದುರ್ಗದ ಏಳು ಸುತ್ತಿನ ಕೋಟೆ ಹಿಡಿಯೋಕೆ ಹೈದರಾಲಿ ಮತ್ತೆ ಮತ್ತೆ ಮುತ್ತಿಗೆ ಹಾಕಿ 1779ರವರೆಗೆ ಒದ್ದಾಡಿದ. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಗೆ ಒಂದೇ ಸಾಲು ಸಾಕು. ಕೋಟೆಯ ಸುತ್ತು ಎಣಿಸೋಕೆ, ಒಂದೇ ಕೆಲಸವನ್ನು ಸುತ್ತಿ ಸುತ್ತಿ ಮಾಡಿಸೋ ಫಾರ್ ಲೂಪಿಗೆ ರೇಂಜ್(1, 7) ಕೊಟ್ಟು ಓಡಿಸಿ: 1, 2, 3, 4, 5, 6. ಏಳನೇ ಸುತ್ತು ನೆಲಸಮ! ಕೆಂಪಕ್ಷರದ ಎರರ್ ಆದರೂ ಬಂತಾ? ಅದೂ ಇಲ್ಲ. ಲ್ಯಾಬ್ ರೆಕಾರ್ಡಿಗೆ ಪ್ರಿಂಟ್ ತೆಗೆದು ಅಂಟಿಸಿದ ಮೇಲೇ ಗೊತ್ತಾಗೋದು.

ಜಗಳವೆಲ್ಲ 'ವರೆಗೆ' ಅನ್ನೋ ಮಾತಿನದು. ನಮ್ಮ ಕಡೆ ಒಂದರಿಂದ ಏಳರವರೆಗೆ ಅಂದರೆ ಏಳೂ ಸೇರಿತು. ದಾವಣಗೆರೆಯಲ್ಲಿ ದುರ್ಗದವರೆಗೆ ಟಿಕೆಟ್ ತಗೊಂಡವರು ದುರ್ಗದಲ್ಲೇ ಇಳೀತಾರೆ. ಪೈಥಾನ್ ಏನಾದರೂ ಕಂಡಕ್ಟರ್ ಆಗಿದ್ದರೆ ಭರಮಸಾಗರದಲ್ಲೇ ಸೀಟಿ ಊದಿ, "ಇಳೀರಿ ಇಳೀರಿ, ಮುಂದಿಂದು ದುರ್ಗ, ಅದು ಲೆಕ್ಕಕ್ಕಿಲ್ಲ" ಅನ್ನೋನು. ದುರ್ಗ ಮುಟ್ಟಬೇಕಾ? ಹಿರಿಯೂರಿಗೆ ಟಿಕೆಟ್ ಕೇಳಿ. ರೇಂಜ್(1, 8) ಅಂದರೆ ಇದೇ.

ಇದಕ್ಕೊಂದು ಸಮರ್ಥನೆ ಬೇರೆ ಇದೆ, ಮೈ ಉರಿಯೋದು ಅದಕ್ಕೇ. ಎಂಟರಲ್ಲಿ ಒಂದು ಕಳೆದರೆ ಏಳು, ಲೂಪು ಎಷ್ಟು ಸಲ ಓಡುತ್ತೆ ಅನ್ನೋ ಲೆಕ್ಕ ಸಲೀಸು. ಬರೀ ರೇಂಜ್(7) ಬರೆದರೂ ಏಳು ಸಲವೇ, ಆದರೆ ಎಣಿಕೆ 0ಯಿಂದ 6. ಸೊನ್ನೆಯಿಂದ ಎಣಿಸೋದೇ ಸರಿ ಅಂತ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ 1982ರಲ್ಲೇ ಬರೆದಿಟ್ಟಿದ್ದಾರೆ. ಇರಲಿ ಸ್ವಾಮಿ, ಕೋಟೆಯ ಸೊನ್ನೆಯನೇ ಸುತ್ತು ಎಲ್ಲಿದೆ ಅಂತ ಗೈಡನ್ನು ಕೇಳಿ ನೋಡಿ.

ನಮ್ಮ ಅಜ್ಜಿಯಂದಿರ 'ವರೆಗೆ'ಯೇ ಬೇರೆ ಇತ್ತು. ಸಾಕು ಅನ್ನೋವರೆಗೆ ಬಡಿಸೋರು, ಸಾಕು ಅಂದಮೇಲೆ ಇನ್ನೊಂದು ರೊಟ್ಟಿ ಹಾಕೋರು. ಒಂದು ಕಡಿಮೆ ಆಗೋ ಮಾತೇ ಇರಲಿಲ್ಲ.

ಫಾರ್ ಸಹವಾಸವೇ ಬೇಡ ಅಂತ, ಷರತ್ತು ನಿಜ ಇರೋತನಕ ಓಡೋ ವೈಲ್ ಲೂಪು ಹಿಡಿದರೆ ಅದು ಬೇರೆ ಗ್ರಹಚಾರ. ಸುತ್ತಿನ ಎಣಿಕೆಗೆ ಒಂದು ಕೂಡಿಸೋ ಸಾಲು ಮರೆತಿರೋ, 1 1 1 1 ಅಂತ ಪರದೆ ತುಂಬುತ್ತೆ. ಕಂಟ್ರೋಲ್-ಸಿ ಒತ್ತೋತನಕ ಬಿಡಲ್ಲ. ಸಾಲು ಬರೆದಿದ್ದೀನಲ್ಲಾ ಅಂತೀರಾ? ನಾಲ್ಕು ಸ್ಪೇಸ್ ಬಿಟ್ಟು ಒಳಗೆ ಸರಿಸಿದ್ದೀರಾ ನೋಡಿ. ಅಂಚಿಗೇ ಬರೆದಿದ್ದರೆ ಅದು ಲೂಪಿನ ಹೊರಗೆ ನಿಂತು, ಎಂದೂ ಬಾರದ ಸರದಿಗೆ ಕಾಯ್ತಿರುತ್ತೆ.

ಷರತ್ತು ನೋಡಿ ದಾರಿ ಆರಿಸೋ ಇಫ್ ಕಥೆ ಚಿಕ್ಕದು. ಮೊದಲ ಸಾಲಲ್ಲೇ "ಅಂಕ 35 ಅಥವಾ ಹೆಚ್ಚಿದ್ದರೆ ಪಾಸ್" ಅಂತ ಹಾಕಿ, ಎಲಿಫ್‌ನಲ್ಲಿ (ಅಂದರೆ 'ಅದಲ್ಲದಿದ್ದರೆ ಇದು') 60, ಆಮೇಲೆ 85 ಬರೆದರೆ, 92 ತೆಗೆದ ಹುಡುಗಿಗೂ ಬರೀ ಪಾಸ್. ತೆರೆದ ಮೊದಲ ಬಾಗಿಲಲ್ಲೇ ನುಗ್ಗೋ ಜಾತಿ ಅದು, ಮುಂದಿನದನ್ನು ತಟ್ಟಿಯೂ ನೋಡಲ್ಲ. 85 ಮೇಲೆ, 60 ನಡುವೆ, 35 ಕೊನೆಗೆ ಹಾಕಿ. ಹುಡುಗಿಯ ಅಪ್ಪ ಬರೋದರೊಳಗೆ.