ರೈಲು ಯಾವಾಗ ಎಂದರೆ ನನ್ನ ವಯಸ್ಸು ಕೇಳುತ್ತಾರೆ

ನಲವತ್ತಮೂರು. ಎಲ್ಲರಿಗೂ ಗೊತ್ತಾಯಿತಲ್ಲ, ಈಗ ಸಮಾಧಾನವೇ? ಎರಡನೆಯ ಮಹಡಿಯವರಿಗೆ, ಕಾವಲುಗಾರನಿಗೆ, ಹಾಲು ಹಾಕುವ ಹುಡುಗನಿಗೆ, ಕಡೆಗೆ ನಮ್ಮ ಮಾವನವರಿಗೂ ನನ್ನ ವಯಸ್ಸು ಗೊತ್ತಾಯಿತು. ಜನರ ಅಹವಾಲು ಕೇಳುವ ಸಭೆಯಲ್ಲಿ ನಾನು ರೈಲಿನ ಬಗ್ಗೆ ಪ್ರಶ್ನೆ ಕೇಳಿದ ವಿಡಿಯೊ ಅವರ ಊರು ತಿಪಟೂರನ್ನೂ ತಲುಪಿದೆ. ಬೆಂಗಳೂರಿನ ಚಿಕ್ಕಬಾಣಾವರದಿಂದ ಹೆಬ್ಬಾಳಕ್ಕೆ ಇಷ್ಟು ವರ್ಷಗಳಲ್ಲಿ ಒಂದು ಉಪನಗರ ರೈಲು ಹೊರಡಿಸಲು ಇವರಿಂದ ಆಗಲಿಲ್ಲ. ನನ್ನ ಮಾನ ಮಾತ್ರ ಒಂದೇ ಸಂಜೆಯಲ್ಲಿ ತಿಪಟೂರು ಮುಟ್ಟಿತು.

ನಾನು ಕೇಳಿದ್ದಾದರೂ ಏನು? ಆ ಉಪನಗರ ರೈಲಿನ ಮಲ್ಲಿಗೆ ಮಾರ್ಗ ಯಾವಾಗ ಮುಗಿಯುತ್ತದೆ, ಈಗ ಅದರ ವೆಚ್ಚ ಎಷ್ಟಕ್ಕೆ ಬಂದು ನಿಂತಿದೆ, ಅಷ್ಟೇ. ಬೈಯಲಿಲ್ಲ, ಕೂಗಾಡಲಿಲ್ಲ, ಯಾವ ಪಕ್ಷದ ಹೆಸರನ್ನೂ ಎತ್ತಲಿಲ್ಲ. ಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. "ಮಾನ್ಯರೇ" ಎಂದೇ ಶುರು ಮಾಡಿದೆ. ವೇದಿಕೆಯ ಮೇಲಿದ್ದವರು ಯಾವ ಪಕ್ಷದವರು ಎಂದು ದಯವಿಟ್ಟು ಕೇಳಬೇಡಿ. ಹೇಳಿದರೆ ನಿಮ್ಮಲ್ಲಿ ಅರ್ಧ ಜನ ನನ್ನ ಪರ, ಉಳಿದರ್ಧ ಅವರ ಪರ ನಿಂತು ಜಗಳ ಶುರು ಮಾಡುತ್ತೀರಿ, ರೈಲಿನ ಮಾತು ಅಲ್ಲಿಗೆ ಮುಗಿಯುತ್ತದೆ. ಇಲ್ಲಿಯವರೆಗೆ ಆಗಿರುವುದೂ ಅದೇ.

ಕಲ್ಯಾಣ ಮಂಟಪ, ಪ್ಲಾಸ್ಟಿಕ್ ಕುರ್ಚಿಗಳು, ಬಾಗಿಲಲ್ಲಿ ಟೋಕನ್. ನನ್ನ ಸರದಿ ಬಂದಾಗ ಮೈಕ್ ಹಿಡಿದಿದ್ದ ಹುಡುಗ ಅದನ್ನು ನನ್ನ ಕೈಗೆ ಕೊಡಲಿಲ್ಲ. ತಾನೇ ಹಿಡಿದುಕೊಂಡು ನನ್ನ ಗಲ್ಲದ ಕೆಳಗೆ ಚಾಚಿದ. ನಾನು ಚೀಟಿ ನೋಡಲು ತಲೆ ತಗ್ಗಿಸಿದರೆ ಮೈಕ್ ಮೂಗಿಗೆ ತಗಲುತ್ತಿತ್ತು. ಹಾಗೂ ಹೀಗೂ ಓದಿ ಮುಗಿಸಿದೆ. ವೇದಿಕೆಯ ಮೇಲಿದ್ದ ಮಾನ್ಯರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಸ್ವಾಮಿ, ತಮಗೆ ವಯಸ್ಸೆಷ್ಟು?" ಎಂದರು.

ನಾನು ಏನು ಮಾಡಿದೆ ಗೊತ್ತೇ? ಉತ್ತರ ಕೊಟ್ಟೆ! "ನಲವತ್ತಮೂರು ಸರ್" ಎಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. "ಮುಂದಿನ ತಿಂಗಳಿಗೆ ನಲವತ್ತನಾಲ್ಕು ತುಂಬುತ್ತದೆ" ಎಂದೂ ಸೇರಿಸಿದೆ. ಯಾರು ಕೇಳಿದ್ದರು ಅದನ್ನು? ಶಾಲಾ ತನಿಖೆಗೆ ಬಂದ ಅಧಿಕಾರಿಯ ಮುಂದೆ ಎದ್ದು ನಿಂತ ನಾಲ್ಕನೆಯ ತರಗತಿಯ ಹುಡುಗನ ದನಿ ನನ್ನ ಗಂಟಲಿಗೆ ಎಲ್ಲಿಂದ ಬಂತೋ. ಅವರು ತಲೆಯಾಡಿಸಿ, "ಹಾಗಾದರೆ ಚಿಂತೆಯಿಲ್ಲ ಬಿಡಿ. ತಾವು ನಿವೃತ್ತರಾಗುವ ಹೊತ್ತಿಗೆ ರೈಲು ಬಂದಿರುತ್ತದೆ. ಹಿರಿಯ ನಾಗರಿಕರ ರಿಯಾಯಿತಿಯಲ್ಲಿ ಆರಾಮವಾಗಿ ಓಡಾಡಬಹುದು" ಎಂದರು.

ಮಂಟಪವೆಲ್ಲ ನಕ್ಕಿತು. ಬೀದಿದೀಪಕ್ಕಾಗಿ ಅರ್ಜಿ ಹಿಡಿದು ನಿಂತಿದ್ದ ಅಜ್ಜಿಯೂ ನಕ್ಕರು. ಮೈಕ್ ಹುಡುಗ ನಕ್ಕಿದ್ದು ಮೈಕಿನಲ್ಲೇ ಕೇಳಿಸಿತು. ಈಗ ಹೇಳಲು ಹೊಟ್ಟೆ ಉರಿಯುತ್ತದೆ, ನಾನೂ ನಕ್ಕೆ. ವಿಡಿಯೊದಲ್ಲಿ ಚೆನ್ನಾಗಿ ಕಾಣುತ್ತದೆ, ಹಲ್ಲು ಕಿರಿದು, ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದೇನೆ. ಅಷ್ಟರಲ್ಲಿ ಮೈಕ್ ಮುಂದಿನ ಟೋಕನ್ನಿನವರ ಬಳಿಗೆ ಹೋಗಿತ್ತು, ಚರಂಡಿಯ ವಿಷಯ.

ಕೊಡಬೇಕಾಗಿದ್ದ ಉತ್ತರ ಹೊಳೆದದ್ದು ರಾತ್ರಿ ದೀಪ ಆರಿಸಿದ ಮೇಲೆ. ಹಿರಿಯ ನಾಗರಿಕರ ರಿಯಾಯಿತಿಯೇ? ಯಾವ ರಿಯಾಯಿತಿ ಮಾನ್ಯರೇ? ರೈಲ್ವೆಯವರು ಅದನ್ನು ಕೊರೊನಾ ಹೆಸರಿನಲ್ಲಿ 2020ರ ಮಾರ್ಚ್‌ನಲ್ಲಿ ನಿಲ್ಲಿಸಿದವರು ಮತ್ತೆ ಕೊಟ್ಟೇ ಇಲ್ಲ! ಈ ಒಂದು ಮಾತನ್ನು ಅಲ್ಲೇ ಹೇಳಿದ್ದರೆ ನಗು ಯಾರ ಕಡೆಗೆ ತಿರುಗುತ್ತಿತ್ತು? ಎದ್ದು ಕುಳಿತು ಹೆಂಡತಿಗೆ ಹೇಳಿದೆ. "ರೀ, ಹೊತ್ತೆಷ್ಟು ನೋಡಿ, ಮಲಗಿ" ಎಂದಳು.

ವಯಸ್ಸು ಕೇಳುವುದಾದರೆ ಯೋಜನೆಯ ವಯಸ್ಸು ಕೇಳಲಿ. ಬೆಂಗಳೂರಿಗೆ ಉಪನಗರ ರೈಲು ಬೇಕು ಎಂಬ ಪ್ರಸ್ತಾವ ಮೊದಲು ಬಂದದ್ದು 1983ರಲ್ಲಿ. ಆಗ ನಾನು ತೊಟ್ಟಿಲಲ್ಲಿದ್ದೆ. ಇಬ್ಬರೂ ಹೆಚ್ಚುಕಡಿಮೆ ಒಂದೇ ವಾರಗೆಯವರು. ನನಗೆ ಸಕ್ಕರೆ ಕಾಯಿಲೆ ಬಂತು, ಅದಕ್ಕೆ ಇನ್ನೂ ಹಳಿ ಬಂದಿಲ್ಲ.

ಇನ್ನು ಹಣದ ಲೆಕ್ಕ. 2018ರ ಕೇಂದ್ರ ಬಜೆಟ್ಟಿನಲ್ಲಿ 160 ಕಿಲೋಮೀಟರ್, 17,000 ಕೋಟಿ ರೂಪಾಯಿ ಎಂದರು. 2020ರ ಬಜೆಟ್ಟಿಗೆ ಅದು 148 ಕಿಲೋಮೀಟರ್ ಆಯಿತು, ಹಣ 18,600 ಕೋಟಿ. ದೂರ ಇಳಿಯಿತು, ದುಡ್ಡು ಏರಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಸಂಪುಟದ ಒಪ್ಪಿಗೆ ಸಿಕ್ಕಾಗ 148 ಕಿಲೋಮೀಟರ್ ಹಾಗೆಯೇ ಇತ್ತು, ಮೊತ್ತ ಮಾತ್ರ 15,767 ಕೋಟಿಗೆ ಇಳಿದಿತ್ತು. ಕೇಂದ್ರದ್ದು ಶೇ 20, ರಾಜ್ಯದ್ದು ಶೇ 20, ಉಳಿದದ್ದು ಸಾಲ. ಆರು ವರ್ಷದಲ್ಲಿ ಮುಗಿಸುವುದಾಗಿ ಹೇಳಿದರು. 2022ರ ಜೂನ್ 20ರಂದು ಕೊಮ್ಮಘಟ್ಟದಲ್ಲಿ ಪ್ರಧಾನಿಯವರೇ ಶಂಕುಸ್ಥಾಪನೆ ಮಾಡಿದರು. ಅಲ್ಲಿ ಆರು ವರ್ಷದ ಮಾತು ಹೋಗಿ 40 ತಿಂಗಳ ಮಾತು ಬಂತು. ಆ 40 ತಿಂಗಳು 2025ರ ಅಕ್ಟೋಬರ್‌ಗೆ ತುಂಬಿದವು. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೆ. ಅಕ್ಟೋಬರ್ ಬಂತು, ದಸರಾ ಮುಗಿಯಿತು, ದೀಪಾವಳಿಯೂ ಮುಗಿಯಿತು.

ನಾಲ್ಕು ಮಾರ್ಗಗಳಿಗೂ ಹೂವಿನ ಹೆಸರು. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ಹೆಸರಿಡುವುದರಲ್ಲಿ ಯಾರೂ ತಡ ಮಾಡಲಿಲ್ಲ. ನಮ್ಮದು ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರದವರೆಗಿನ 25 ಕಿಲೋಮೀಟರಿನ ಮಲ್ಲಿಗೆ, ಎಲ್ಲಕ್ಕಿಂತ ಚಿಕ್ಕದು. ಆದ್ದರಿಂದ ಇದೇ ಮೊದಲು ಎಂದು ನಂಬಿದೆವು. 2022ರ ಆಗಸ್ಟಿನಲ್ಲಿ ಸುಮಾರು 860 ಕೋಟಿ ರೂಪಾಯಿಗೆ ಕಾಮಗಾರಿಯ ಗುತ್ತಿಗೆಯಾಯಿತು. ಗುತ್ತಿಗೆ ಹಿಡಿದವರು 2025ರಲ್ಲಿ, ಭೂಮಿಯನ್ನು ಸಮಯಕ್ಕೆ ಬಿಡಿಸಿಕೊಡಲಿಲ್ಲ ಎಂದು ಕೈ ತೊಳೆದುಕೊಂಡು ಹೊರಟರು. ಕನಕ ಮಾರ್ಗದ ಕೆಲಸವೂ ಅವರದೇ, ಅದನ್ನೂ ಬಿಟ್ಟರು. ಪರಿಹಾರ ಕೊಡಿ ಎಂದು ಗುತ್ತಿಗೆದಾರರು, ನೀವೇ ಕೆಲಸ ಮಾಡಲಿಲ್ಲ ಎಂದು ಕೆಲಸ ಕೊಟ್ಟವರು. ಮತ್ತೆ ಟೆಂಡರ್. ಮೂರು ವರ್ಷದ ಹಿಂದಿನ ದರಕ್ಕೆ ಈಗ ಯಾವ ಪುಣ್ಯಾತ್ಮ ಸಿಮೆಂಟು, ಕಬ್ಬಿಣ ತಂದು ಸುರಿಯುತ್ತಾನೆ? ಹೆಚ್ಚಿದ ಹಣ ಯಾರ ಜೇಬಿನಿಂದ ಬರುತ್ತದೆ? ಇದೇ ನನ್ನ ಎರಡನೆಯ ಪ್ರಶ್ನೆಯಾಗಿತ್ತು, ಚೀಟಿಯಲ್ಲಿ ಇನ್ನೂ ಇದೆ. ಬೆಳಿಗ್ಗೆ ಬಸ್ಸಿನಿಂದ ನೋಡಿದರೆ ಅಲ್ಲಲ್ಲಿ ಎದ್ದು ನಿಂತ ಕಂಬಗಳ ತಲೆಯ ಮೇಲೆ ಕಬ್ಬಿಣದ ಸರಳುಗಳು ತುಕ್ಕು ಹಿಡಿಯುತ್ತಿವೆ.

ಇದನ್ನೆಲ್ಲ ನೋಡಿಕೊಳ್ಳಬೇಕಾದ, ಕೇಂದ್ರ ಮತ್ತು ರಾಜ್ಯದ ಜಂಟಿ ಕಂಪನಿಯಾದ ಕೆ-ರೈಡ್‌ಗೆ ಪೂರ್ಣಾವಧಿಯ ವ್ಯವಸ್ಥಾಪಕ ನಿರ್ದೇಶಕರು ಯಾರಾಗಬೇಕು ಎಂಬುದೇ ವರ್ಷಗಟ್ಟಲೆ ಜಗ್ಗಾಟವಾಗಿತ್ತು. ರೈಲ್ವೆಯ ತಾಂತ್ರಿಕ ಅಧಿಕಾರಿ ಆಗಬೇಕು ಎಂದು ಕೇಂದ್ರದವರು. ತಮ್ಮ ಐಎಎಸ್ ಅಧಿಕಾರಿಗೇ ಹೆಚ್ಚುವರಿ ಹೊಣೆ ಕೊಟ್ಟು ಕುಳಿತವರು ರಾಜ್ಯದವರು. ದೆಹಲಿಯಲ್ಲಿ ಒಂದು ಪಕ್ಷ, ಬೆಂಗಳೂರಿನಲ್ಲಿ ಇನ್ನೊಂದು. ಕೆಲಸ ಸಾಗಿದ ದಿನ ಇಬ್ಬರ ಭಾವಚಿತ್ರವೂ ಬ್ಯಾನರಿನಲ್ಲಿ, ನಿಂತ ದಿನ ಇಬ್ಬರೂ ಒಬ್ಬರನ್ನೊಬ್ಬರು ತೋರಿಸುತ್ತಾರೆ. ನಾವು ನಡುವೆ ಹೆಸರಘಟ್ಟ ರಸ್ತೆಯಲ್ಲಿ ಬಸ್ಸಿನ ಕಂಬಿ ಹಿಡಿದು ನಿಂತಿರುತ್ತೇವೆ.

ಇದರ ನಡುವೆ ವಿಸ್ತರಣೆಯ ಮಾತು ಬೇರೆ! ಎರಡನೆಯ ಹಂತದಲ್ಲಿ ಮೈಸೂರು, ಕೋಲಾರ, ಹೊಸೂರು, ಗೌರಿಬಿದನೂರು ಎಂದು 452 ಕಿಲೋಮೀಟರ್ ಹಿಗ್ಗಿಸುವ ಆಲೋಚನೆ ಹರಿಯಬಿಟ್ಟರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಎಂದರೆ ಇದೇ. ಅಧ್ಯಯನಕ್ಕೆ ಅನುಮತಿ ಕೇಳಿದರೆ ನೈಋತ್ಯ ರೈಲ್ವೆ ಒಪ್ಪಲಿಲ್ಲ. ಒಪ್ಪದಿದ್ದದ್ದು ಸರಿ ಎಂದು ಒಮ್ಮೆ ಅನ್ನಿಸುತ್ತದೆ, ಮೊದಲು ಇರುವುದನ್ನು ಮುಗಿಸಲಿ. ಇನ್ನೊಮ್ಮೆ, ಅಧ್ಯಯನಕ್ಕೂ ಬೇಡ ಎನ್ನಲು ಇವರು ಯಾರು ಎಂದು ಸಿಟ್ಟು ಬರುತ್ತದೆ. ಎರಡೂ ಒಟ್ಟಿಗೆ ಅನ್ನಿಸುತ್ತದೆ, ಏನು ಮಾಡಲಿ?

ಮೆಟ್ರೊ ನೋಡಿ ಕಲಿಯಿರಿ ಎಂದು ಯಾರೋ ಬುದ್ಧಿ ಹೇಳುತ್ತಾರೆ. ನೋಡಿದ್ದೇನೆ. ಎರಡನೆಯ ಹಂತಕ್ಕೆ 2014ರಲ್ಲಿ ಒಪ್ಪಿಗೆ ಸಿಕ್ಕಾಗ 26,405 ಕೋಟಿ ಇದ್ದದ್ದು 2021ಕ್ಕೆ 30,695 ಕೋಟಿ ಆಯಿತು. ನಾಗಸಂದ್ರದಿಂದ ಮಾದಾವರದವರೆಗೆ ಮೂರೇ ಕಿಲೋಮೀಟರ್ ಚಿಲ್ಲರೆ, 2017ರಲ್ಲಿ ಶುರುವಾದದ್ದು ಜನರಿಗೆ ಸಿಕ್ಕಿದ್ದು 2024ರ ನವೆಂಬರಿನಲ್ಲಿ. 2025ರ ಫೆಬ್ರುವರಿಯಲ್ಲಿ ಗರಿಷ್ಠ ಟಿಕೆಟ್ ದರ 60 ರೂಪಾಯಿಯಿಂದ ಒಂದೇ ಏಟಿಗೆ 90 ಆಯಿತು. ಅಲ್ಲಿಯೂ ಅಷ್ಟೇ, ದರ ಏರಿಸಿದ್ದು ಕೇಂದ್ರ ನೇಮಿಸಿದ ಸಮಿತಿ ಎಂದು ಒಬ್ಬರು, ಏರಿಸಿ ಎಂದು ಕೇಳಿದ್ದೇ ರಾಜ್ಯ ಎಂದು ಇನ್ನೊಬ್ಬರು. ಮೆಟ್ರೊ ತಡವಾದರೂ ಬಂತು, ಬಂದ ಮೇಲೆ ಕಿಸೆಗೆ ಕೈ ಹಾಕಿತು. ನಮ್ಮದು ಬರುವ ಮೊದಲೇ ಸಾಲದಲ್ಲಿದೆ. ಟಿಕೆಟ್ ಎಷ್ಟಿಡುತ್ತಾರೆ ಎಂದು ಯೋಚಿಸಿದರೆ, ಬರದಿದ್ದರೇ ಒಳ್ಳೆಯದೇನೋ.

ಇಲ್ಲ, ಬರಲಿ. ಸುಮ್ಮನೆ ಹೇಳಿದೆ.

ನ್ಯಾಯವಾಗಿ ಹೇಳಬೇಕೆಂದರೆ ಇದು ಸುಲಭದ ಕೆಲಸವಲ್ಲ, ಅದು ನನಗೂ ತಿಳಿಯುತ್ತದೆ. ರೈಲ್ವೆಯ ಜಾಗ, ಖಾಸಗಿ ಜಾಗ, ಕಡಿಯಬೇಕಾದ ಮರಗಳು, ಪಕ್ಕದಲ್ಲೇ ಓಡುವ ರೈಲುಗಳು. ಯಾವ ದೇಶದಲ್ಲಾದರೂ ಇಂಥ ಕೆಲಸ ತಡವಾಗುತ್ತದೆ, ವೆಚ್ಚ ಏರುತ್ತದೆ. ಆಗಲಿ. ಆದರೆ ಅದನ್ನು ಬಾಯಿಬಿಟ್ಟು ಹೇಳಿ! "ತಡವಾಗಿದೆ, ಇಂಥ ಕಾರಣಕ್ಕೆ, ಇಷ್ಟು ಹೆಚ್ಚು ಹಣಕ್ಕೆ" ಎಂದು ಮೈಕಿನಲ್ಲಿ ಹೇಳಿದ್ದರೆ ನಾನು ಚಪ್ಪಾಳೆ ತಟ್ಟಿ ಮನೆಗೆ ಬರುತ್ತಿದ್ದೆ. ನಾನು ಅಷ್ಟು ಅಗ್ಗದ ಮನುಷ್ಯ.

ಅಗ್ಗ ಎಂದರೆ ಎಷ್ಟು ಎಂದು ಕೇಳಿ. ಈ ಮನೆ ಕೊಂಡದ್ದೇ ಆ ರೈಲನ್ನು ನಂಬಿ. ಕಟ್ಟಿದವರ ಬಣ್ಣದ ಕಾಗದದಲ್ಲಿ "ಉಪನಗರ ರೈಲು ನಿಲ್ದಾಣಕ್ಕೆ ನಡಿಗೆಯ ದೂರ" ಎಂದು ಅಚ್ಚಾಗಿತ್ತು. ನಡಿಗೆಯ ದೂರ ನಿಜವೇ, ನಿಲ್ದಾಣ ಅಲ್ಲೇ ಇದೆ, ಹಳಿಯೂ ಇದೆ, ತುಮಕೂರಿನ ಕಡೆಯ ಮೆಮು ಲೋಕಲ್ ರೈಲು ನಿಲ್ಲುತ್ತದೆ. ಹೆಬ್ಬಾಳದಲ್ಲೂ ನಿಲ್ದಾಣವಿದೆ. ನನ್ನ ಕಚೇರಿಯ ಹೊತ್ತಿಗೆ ಇಲ್ಲಿಂದ ಅಲ್ಲಿಗೆ ನೇರ ರೈಲು ಮಾತ್ರ ಇಲ್ಲ. ಗೃಹಪ್ರವೇಶದ ದಿನ ನಂಟರನ್ನೆಲ್ಲ ತಾರಸಿಗೆ ಹತ್ತಿಸಿ, "ನೋಡಿ, ಅಲ್ಲಿಂದಲೇ ಹತ್ತಿದರೆ ಹೆಬ್ಬಾಳದಲ್ಲಿ ಇಳಿಯುವುದು" ಎಂದು ಬೆರಳು ತೋರಿಸಿದ್ದೆ. ಆ ಬೆರಳಿನ ಫೋಟೊ ಕೂಡ ಇದೆ. ಅಂದಿನಿಂದ ಪತ್ರಿಕೆಯಲ್ಲಿ ಈ ಯೋಜನೆಯ ಸುದ್ದಿ ಬಂದಾಗಲೆಲ್ಲ ಕತ್ತರಿಸಿ ಫೈಲಿನಲ್ಲಿ ಇಟ್ಟಿದ್ದೇನೆ. ಪ್ರತಿಯೊಂದರಲ್ಲೂ ಹೊಸ ಗಡುವು, ಯಾರೋ ಒಬ್ಬರು ಹೆಲ್ಮೆಟ್ ಹಾಕಿಕೊಂಡು ನಕ್ಷೆಯ ಮೇಲೆ ಕೈ ಇಟ್ಟಿರುವ ಚಿತ್ರ. ಮಗಳು ಆ ಫೈಲಿಗೆ "ಅಪ್ಪನ ರೈಲು" ಎಂದು ಚೀಟಿ ಅಂಟಿಸಿದ್ದಾಳೆ.

ದಿನವೂ ಜಾಲಹಳ್ಳಿ ಕ್ರಾಸ್, ಗೊರಗುಂಟೆಪಾಳ್ಯ, ಬಿಇಎಲ್ ವೃತ್ತ, ಹೆಬ್ಬಾಳ. ಇನ್ನೇನು ಹೇಳುವುದು, ಆ ದಾರಿಯಲ್ಲಿ ಓಡಾಡುವವರಿಗೆ ಹೇಳಬೇಕಿಲ್ಲ, ಓಡಾಡದವರಿಗೆ ಹೇಳಿದರೆ ತಿಳಿಯುವುದಿಲ್ಲ.

ಯಾರಾದರೂ ಒಬ್ಬರು ಉತ್ತರ ಕೊಡಿ. ಸಚಿವರೇ ಆಗಬೇಕೆಂದಿಲ್ಲ. ಸಂಸದರು, ಶಾಸಕರು, ರೈಲ್ವೆಯ ಗುಮಾಸ್ತರು, ಟೆಂಡರ್ ಪುಸ್ತಕ ಬೆರಳಚ್ಚು ಮಾಡಿದವರು, ಯಾರಾದರೂ ಸರಿ. 15,767 ಕೋಟಿ ಈಗ ಎಷ್ಟಾಗಿದೆ? ಹೆಚ್ಚುವರಿಯನ್ನು ಕೊಡುವುದು ಕೇಂದ್ರವೋ, ರಾಜ್ಯವೋ? ಇಬ್ಬರೂ ಕೊಡುವುದಿಲ್ಲ ಎಂದರೆ ಆ ಕಂಬಗಳನ್ನು ಏನು ಮಾಡುತ್ತೀರಿ? ಮುಂದಿನ ಚುನಾವಣೆಯಲ್ಲಿ ಸರ್ಕಾರ ಬದಲಾದರೆ ಮತ್ತೊಂದು ಶಂಕುಸ್ಥಾಪನೆ ಇದೆಯೇ? ಇದ್ದರೆ ಈಗಲೇ ತಿಳಿಸಿ, ಆ ದಿನ ನಾನು ರಜೆ ಹಾಕಿ ಊರಿಗೆ ಹೋಗುತ್ತೇನೆ.

ಹೋಗಲಿ ಬಿಡಿ ಎನ್ನುತ್ತಾಳೆ ಹೆಂಡತಿ. ನಾನೂ ಬೆಳಿಗ್ಗೆ ಬಿಟ್ಟೇ ಬಿಟ್ಟಿದ್ದೆ. ತಿಂಡಿ ತಿಂದೆ, ಸ್ನಾನ ಮಾಡಿದೆ, ಒಂದು ಮಾತೂ ಆಡಲಿಲ್ಲ. ಲಿಫ್ಟಿನಲ್ಲಿ ಎರಡನೆಯ ಮಹಡಿಯವರು ಸಿಕ್ಕಿ, "ಏನು ಸರ್, ಹುಟ್ಟುಹಬ್ಬ ಮುಂದಿನ ತಿಂಗಳಂತೆ?" ಎಂದರು. ಆ ಮನುಷ್ಯ ಕೂಡ ಹೆಬ್ಬಾಳಕ್ಕೇ ಹೋಗುವವರು! ನನ್ನ ಹಿಂದಿನ ಬಸ್ಸಿನಲ್ಲಿ, ನನ್ನಷ್ಟೇ ಬೆವರಿಕೊಂಡು! ವಿಡಿಯೊದ ಕೆಳಗೆ ಮೊದಲು ನಗುವ ಮುಖ ಹಾಕಿದವರೂ ಅವರೇ.

ಆದ್ದರಿಂದ ಮಾಹಿತಿ ಹಕ್ಕಿನ ಅರ್ಜಿ ಬರೆಯಲು ಕುಳಿತಿದ್ದೇನೆ. ಬರೆದದ್ದು ಎರಡು ಪುಟ ದಾಟಿತು. ಆಮೇಲೆ ತಿಳಿಯಿತು, ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದ ಮೀರಬಾರದು. ನನ್ನ ಸಿಟ್ಟು ಅದರಲ್ಲಿ ಹಿಡಿಸುವುದಿಲ್ಲ. ಹೊಡೆದು ಹಾಕಿ, ಹೊಡೆದು ಹಾಕಿ, ವೆಚ್ಚದ ಪ್ರಶ್ನೆಯೊಂದನ್ನೇ ಉಳಿಸಿಕೊಂಡಿದ್ದೇನೆ. ಗಡುವಿನ ಪ್ರಶ್ನೆ ಹಾಗೆಯೇ ಉಳಿದಿದೆ. ಎರಡನೆಯ ಮಹಡಿಯವರೇ, ಅದನ್ನು ನೀವು ಕೇಳಿ. ಅರ್ಜಿಯ ಹತ್ತು ರೂಪಾಯಿ ನಾನು ಕೊಡುತ್ತೇನೆ.